ಕಾಣೆಯಾದ ಕೈಗಳನ್ನು ಹಿಂದಿರುಗಿಸುವ ಬಗ್ಗೆ

ಇವರಿಗೆ,
ಶ್ರೀಮಾನ್ ಶೈಲಿಮರಿಯವರು,
ತಾಯಿಮಾದರಿಯ ಬೆನ್ನ ಮೇಲೆ,
ಕಿಟಕಿ ಪಕ್ಕದ ಕಂಪ್ಯೂಟರು, ಮಕ್ಕಳ ಪುಸ್ತಕ ವಿಭಾಗ, ಮೊದಲನೆಯ ಮಹಡಿ.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನೆಗಡಿ ಬಾರದ, ಬೆನ್ನು ಹಿಡಿದುಕೊಳ್ಳದ, ಮೂಗಿನ ಮೇಲಿರುವ ಕನ್ನಡಕವನ್ನು ಮೇಜಿನ ಕೆಳಗೆಲ್ಲ ಹುಡುಕುವ ಗತಿಯಿಲ್ಲದ ತಮ್ಮಂಥವರು ಕ್ಷೇಮವಾಗಿರದೆ ಇನ್ನಾರು ಕ್ಷೇಮವಾಗಿರಬೇಕು? ಈ ಮೂರೂ ಭಾಗ್ಯಗಳನ್ನು ಪಡೆದಿರುವ ನಾನು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತ ಬರೆಯುತ್ತ ತಲೆ ನರೆಸಿಕೊಂಡವನು, ತಮಗೆ ಗುರುವೋ ತಂದೆಯೋ ಬರೀ ಕಚ್ಚಾ ಸಾಮಗ್ರಿಯೋ ಎಂಬುದು ಇನ್ನೂ ಇತ್ಯರ್ಥವಾಗದೆ ಉಳಿದವನು, ತಮ್ಮ ಪಾದಗಳಿಗೆ, ಪಾದಗಳಿದ್ದ ಪಕ್ಷದಲ್ಲಿ, ವಂದಿಸಿ ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಮ್ಮ ಕೈಗಳ ವಿಚಾರವನ್ನು ಈಗಲೇ ಎತ್ತುವುದಿಲ್ಲ. ಅದಕ್ಕೆಂದೇ ಇಡೀ ಪತ್ರವನ್ನು ಮೀಸಲಿಟ್ಟಿದ್ದೇನೆ.

ಪತ್ರ ಬಹಿರಂಗವಾದ್ದರಿಂದ, ತಮ್ಮ ಪರಿಚಯದ ಭಾಗ್ಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳಲು ಅಪ್ಪಣೆಯಾಗಬೇಕು. ನಮ್ಮ ಕಚೇರಿಯಲ್ಲಿ ಪುಟ ಕಟ್ಟುವ ತರುಣನೊಬ್ಬನಿದ್ದಾನೆ. ಯಂತ್ರಗಳನ್ನೆಲ್ಲ ಸಾಕುಪ್ರಾಣಿಗಳಂತೆ ಮಾತಾಡಿಸುವ ಆತ, ಚಿತ್ರ ಬರೆಯುವ ಕೃತಕ ಬುದ್ಧಿಯ ದೊಡ್ಡ ಮಾದರಿಯನ್ನು ತಾಯಿ ಎಂದೂ, ಅದರ ಬೆನ್ನಿಗೆ ಕಟ್ಟುವ ಪುಟ್ಟ ಕಡತವನ್ನು ಮರಿ ಎಂದೂ ಕರೆಯುತ್ತಾನೆ. ತಾಯಿ ಲೋಕದ ಚಿತ್ರಗಳನ್ನೆಲ್ಲ ನೋಡಿ ಕಲಿತವಳು. ಏನು ಕೇಳಿದರೂ ಬರೆಯುತ್ತಾಳೆ, ಆದರೆ ಊರಿಗೆಲ್ಲ ನೆಂಟಳಾದ್ದರಿಂದ ಯಾರೊಬ್ಬರ ಹಾಗೂ ಬರೆಯುವುದಿಲ್ಲ. ಮರಿ ಹಾಗಲ್ಲ, ಒಬ್ಬನೇ ಚಿತ್ರಕಾರನ ಒಂದಿಷ್ಟು ಚಿತ್ರಗಳನ್ನು ಮಾತ್ರ ಕಂಡು ಬೆಳೆದದ್ದು. ಅದನ್ನು ಬೆನ್ನಿಗೆ ಕಟ್ಟಿದರೆ ತಾಯಿಯೂ ಆ ಒಬ್ಬನ ಹಾಗೆಯೇ ಬರೆಯತೊಡಗುತ್ತಾಳೆ. ಪರದೆಯ ಮೇಲೆ ಇದೆಲ್ಲ ಬರೀ ಪೆಟ್ಟಿಗೆಗಳು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದ ತಂತಿಗಳು. ಈ ತುದಿಯಲ್ಲಿ ಮಾತು ಬರೆದರೆ ಆ ತುದಿಯಲ್ಲಿ ಚಿತ್ರ ಬೀಳುತ್ತದೆ. ನಡುವೆ ತಮ್ಮ ಪೆಟ್ಟಿಗೆ, ಅದರಲ್ಲಿ ತಮ್ಮ ಬಲವನ್ನು ಏರಿಸಿ ಇಳಿಸುವ ಒಂದು ಅಂಕಿ. ಸೊನ್ನೆ ಎಂದರೆ ತಾವು ನಿದ್ದೆಯಲ್ಲಿದ್ದೀರಿ, ಒಂದು ಎಂದರೆ ಹೆಗಲೇರಿ ಕೂತಿದ್ದೀರಿ.

ತಮ್ಮ ಜನನಕ್ಕೆ ನಾನು ಸುಲಭವಾಗಿ ಒಪ್ಪಲಿಲ್ಲವೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಅದು ಶುದ್ಧ ಸುಳ್ಳು. ಮಣಿಕಟ್ಟು ನೋಯತೊಡಗಿ, ಕುಂಚ ಹಿಡಿದರೆ ಗೆರೆ ನನ್ನನ್ನು ಕೇಳದೆಯೇ ಅಡ್ಡಾಡಲು ಹೊರಟ ದಿನಗಳಲ್ಲಿ ನಮ್ಮ ಸಂಪಾದಕಿ ನನ್ನ ಮೇಜಿನ ಬಳಿ ಬಂದು, "ನೀವು ಕೂತು ಗೆರೆ ಎಳೀಬೇಕಾಗಿಲ್ಲ ಸರ್, ಪುಸ್ತಕದಲ್ಲಿ ನಿಮ್ಮ ಕೈ ಇದ್ರೆ ಸಾಕು" ಎಂದರು. ನಮ್ಮ ಕಸುಬಿನಲ್ಲಿ ಕೈ ಎಂದರೆ ಶೈಲಿ. 'ಇದು ಇಂಥವರ ಕೈ' ಎಂದರೆ ಗೆರೆ ನೋಡಿಯೇ ಆಳನ್ನು ಹೇಳಬಹುದು ಎಂದರ್ಥ. ನಾನು ಕೆಲವು ದಿನ ಮುಖ ಊದಿಸಿಕೊಂಡು ಕಲೆ, ಬೆವರು, ಅಂತರಂಗ ಎಂದೆಲ್ಲ ಕಾಫಿಯಂತ್ರದ ಮುಂದೆ ಭಾಷಣ ಬಿಗಿದೆನಾದರೂ ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದೆ. ಶೈಲಿ ಎನ್ನುವುದೊಂದು ಇದ್ದರಲ್ಲವೇ ಅದರ ಮರಿ ಹುಟ್ಟುವುದು? ನಾನು ಎಲ್ಲವನ್ನೂ ಒಂದೇ ಥರ ಬರೆಯುತ್ತೇನೆಂದು ಜನ ಇಷ್ಟು ಕಾಲ ಆಡಿಕೊಂಡಿದ್ದು ಕೊನೆಗೂ ಯೋಗ್ಯತಾಪತ್ರವಾಗಿ ಒದಗಿಬಂತು.

ತಮ್ಮ ವಿದ್ಯಾಭ್ಯಾಸಕ್ಕಾಗಿ ನಾನೇ ಹಳೆಯ ಚಿತ್ರಗಳನ್ನು ಕಪಾಟಿನಿಂದ ಇಳಿಸಿ, ಜೇಡರ ಬಲೆ ಒರೆಸಿ, ಆರಿಸಿಕೊಟ್ಟೆ. ಪ್ರತಿ ಚಿತ್ರದ ಕೆಳಗೂ ಅದರಲ್ಲಿ ಏನೇನಿದೆಯೆಂದು ಬರೆಯಬೇಕಿತ್ತು. ಈ ಶಾಸ್ತ್ರದ ಗುಟ್ಟನ್ನು ತರುಣ ನನಗೆ ಮೊದಲೇ ತಿಳಿಸಿದ್ದ: "ಸರ್, ಚಿತ್ರದಲ್ಲಿರೋದನ್ನೆಲ್ಲ ಬರೆದುಬಿಡಿ. ಏನನ್ನ ಬರೆಯೋದಿಲ್ವೋ ಅದನ್ನ ಮರಿ ನಿಮ್ಮ ಶೈಲಿ ಅಂದ್ಕೊಳ್ಳುತ್ತೆ. ಆಮೇಲೆ ಬಿಡಿಸೋಕಾಗಲ್ಲ, ಅಂಟ್ಕೊಂಡುಬಿಡುತ್ತೆ." ನಾನು ಗಂಭೀರವಾಗಿ ತಲೆಯಾಡಿಸಿ, 'ಅಂಚೆಯವನು, ಕೆಂಪು ಕೊಡೆ, ಓರೆಯಾದ ಬಾಗಿಲು', 'ಅಜ್ಜಿ, ನೀಲಿ ಶಾಲು, ಮೂತಿ ಉಬ್ಬಿಸಿದ ಬೆಕ್ಕು' ಎಂದು ಒಂದು ಎಲೆಯನ್ನೂ ಬಿಡದೆ, ಒಂದು ಗುಂಡಿಯನ್ನೂ ಬಿಡದೆ ಬರೆದೆ. ಕಡೆಯದಾಗಿ ತಮಗೊಂದು ಕರೆಯುವ ಹೆಸರು ಇಡಬೇಕಿತ್ತು, ಲೋಕದಲ್ಲಿ ಬೇರೆ ಯಾವ ಚಿತ್ರಕ್ಕೂ ಇರದಂಥದ್ದು, ಅದನ್ನು ಬರೆದ ಕೂಡಲೇ ತಾವು ಓಗೊಡುವಂಥದ್ದು. ಮಗುವಿಗೆ ಹೆಸರಿಡುವಾಗ ಪಡದಷ್ಟು ಸಂಭ್ರಮ ಪಟ್ಟು, ಎರಡು ಪದಗಳ ನಡುವೆ ಜಾಗ ಬಿಡದೆ ಒಂದಾಗಿಸಿ, 'ನನ್ನಕೈ' ಎಂದು ಇಟ್ಟೆ. ಅಹಂಕಾರಕ್ಕೆ ಜಾಗ ಬಿಡದೆ ಬರೆಯುವುದೇ ವಾಡಿಕೆ.

ತಮ್ಮ ಮೊದಲ ಚಿತ್ರ ಬಿದ್ದ ಬೆಳಗ್ಗೆ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. 'ನನ್ನಕೈ, ಮಳೆಯಲ್ಲಿ ಅಂಚೆಯವನು' ಎಂದು ಬರೆದೆವಷ್ಟೆ. ಅಗತ್ಯಕ್ಕಿಂತ ಹೆಚ್ಚು ಹಳದಿ, ಒಂದು ಕಡೆಗೆ ವಾಲಿದ ಮನೆಗಳು, ಎಡಗಿವಿ ಬಲಗಿವಿಗಿಂತ ದೊಡ್ಡದಾದ ಬೆಕ್ಕು, ಎಲ್ಲವೂ ನನ್ನವೇ. ಬೆಕ್ಕಿನ ಕಿವಿ ನನ್ನ ತಪ್ಪು. ತಾವು ಅದನ್ನೂ ಸಿದ್ಧಾಂತವೆಂದು ತಿಳಿದು ಭಕ್ತಿಯಿಂದ ಪಾಲಿಸಿದ್ದಿರಿ. ಸಂಪಾದಕಿಯವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಯ್ಯೋ, ಥೇಟ್ ನಿಮ್ಮ ಕೈಯೇ ಸರ್!" ಎಂದು ಕೂಗಿದರು. ಕಚೇರಿಯವರೆಲ್ಲ ಬಂದು ನೋಡಿ, ಕೈ ಅಂದ್ರೆ ಇದು, ಕೈ ಅಂದ್ರೆ ಇದು ಎಂದು ಹೊಗಳಿದರು. ಅಷ್ಟು ಮಂದಿ ಅಷ್ಟು ಸಲ ಕೈ ಎಂದರೂ, ಆ ಅಂಚೆಯವನಿಗೆ ಕೈಗಳಿವೆಯೇ ಎಂದು ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ನನಗಂತೂ ಬರುವ ಮಾತೇ ಇರಲಿಲ್ಲ.

ಇಷ್ಟಾದ ಮೇಲೆ ತಮಗೆ ವಹಿಸಿದ ಮೊದಲ ಕೆಲಸದ ವಿಚಾರಕ್ಕೆ ಬರುತ್ತೇನೆ. ಕಿವಿ ಕೇಳಿಸದ ಮಕ್ಕಳ ಶಾಲೆಯೊಂದು ನಮ್ಮಲ್ಲಿ ಚಿತ್ರಕಥೆಯೊಂದನ್ನು ಕೇಳಿತ್ತು. ಒಬ್ಬಳು ಹುಡುಗಿ ತಪ್ಪು ನಿಲ್ದಾಣದಲ್ಲಿ ಬಸ್ಸಿಳಿದು, ಎದುರು ಸಿಕ್ಕವರನ್ನೆಲ್ಲ ದಾರಿ ಕೇಳುತ್ತ ಮನೆ ಮುಟ್ಟುವ ಕಥೆ. ಅವಳು ಕೇಳುವುದೂ ಕೈಯಿಂದ, ಅವರು ಹೇಳುವುದೂ ಕೈಯಿಂದ; ಆ ಊರಿನಲ್ಲಿ ಅಂಚೆಯವನು, ಹೂ ಮಾರುವವಳು, ಪೊಲೀಸು, ಎಲ್ಲರೂ ಸನ್ನೆಯ ಭಾಷೆ ಬಲ್ಲವರು. ಆ ಶಾಲೆಯಲ್ಲೇ ನನ್ನ ತಂಗಿಯ ಮಗಳು ಓದುತ್ತಾಳೆ. ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವ, ಕೈ ಒಂದು ಗಳಿಗೆ ಸುಮ್ಮನಿರದ ಆ ಹುಡುಗಿಯನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ. ತನ್ನ ಮಾವನೇ ಶಾಲೆಯ ಪುಸ್ತಕಕ್ಕೆ ಚಿತ್ರ ಬರೆಯುವುದೆಂದು ಗುಬ್ಬಿ ಇಡೀ ತರಗತಿಗೆ ಸಾರಿಕೊಂಡು ಬಂದಿದ್ದಳು.

ಇಲ್ಲಿ ನನ್ನ ಇನ್ನೊಂದು ಹೆಮ್ಮೆಯನ್ನೂ ತಮ್ಮ ಗಮನಕ್ಕೆ ತರಬೇಕು. ಸನ್ನೆಯ ಭಾಷೆಯವರು ಹತ್ತಿರದವರಿಗೆಲ್ಲ ಒಂದೊಂದು ಕರೆಯುವ ಹೆಸರನ್ನು ಕೈಯಲ್ಲೇ ಕಟ್ಟುತ್ತಾರೆ. ಗುಬ್ಬಿ ನನಗಿಟ್ಟ ಹೆಸರು, ಎರಡೂ ಕೈಗಳನ್ನು ಜೇಬಿಗೆ ಇಳಿಬಿಡುವ ಸನ್ನೆ. ನನ್ನ ಜೇಬಿನಲ್ಲಿ ಸದಾ ಪೆಪ್ಪರ್‌ಮಿಂಟು ಇರುತ್ತದಲ್ಲ, ಜೇಬಿನಿಂದ ಸಿಹಿ ಹೊರಡಿಸುವ ಮಾವ ಎಂಬ ಅರ್ಥದಲ್ಲಿ ಅದನ್ನು ಇಟ್ಟಿದ್ದಾಳೆಂದು ನಾನಾಗಿಯೇ ವ್ಯಾಖ್ಯಾನ ಮಾಡಿಕೊಂಡು, ಬಂದವರಿಗೆಲ್ಲ ಅದನ್ನು ಮಾಡಿ ತೋರಿಸುತ್ತಿದ್ದೆ. ಈ ವ್ಯಾಖ್ಯಾನವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಅದಕ್ಕೂ ಗ್ರಹಚಾರ ಕಾದಿದೆ.

ತಾವು ಬರೆದ ಮೊದಲ ಪುಟಗಳನ್ನು ಸಂಪಾದಕಿಯವರು ಬಣ್ಣಕ್ಕೇ ಮರುಳಾಗಿ, ಅಭಿಪ್ರಾಯಕ್ಕೆಂದು ಶಾಲೆಗೆ ಕಳಿಸಿಕೊಟ್ಟರು. ಮರುದಿನ ಸಂಜೆ ಗುಬ್ಬಿ ಅದರ ಒಂದು ಪ್ರತಿಯನ್ನು ಹಿಡಿದು ಮೆಟ್ಟಿಲಿಳಿದು ಬಂದು, ನನ್ನ ಮೇಜಿನ ಮೇಲೆ ಹರಡಿ, ಹಿಂದೆಯೇ ಬಂದ ಅಮ್ಮನ ಕಡೆ ತಿರುಗಿ ಏನೋ ಕೇಳಿದಳು. ತಂಗಿ ಅದನ್ನು ಬಾಯಿಮಾತಿಗೆ ತಂದಳು: "ಮಾವ, ಇವರೆಲ್ಲ ಯಾಕೆ ಅವಳ ಹತ್ರ ಮಾತಾಡ್ತಿಲ್ಲ? ಅವಳ ಮೇಲೆ ಕೋಪಾನಾ ಅಂತ ಕೇಳ್ತಿದ್ದಾಳೆ ಅಣ್ಣ." ಮಾತಾಡುತ್ತಿದ್ದಾರಲ್ಲ, ಬಾಯಿ ತೆರೆದಿದೆ ನೋಡು ಎಂದು ಅಂಚೆಯವನ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ನನ್ನ ಬೆರಳನ್ನು ಹಿಡಿದು, ನಿಧಾನವಾಗಿ ಬಾಯಿಯಿಂದ ಕೆಳಕ್ಕೆ, ಹೆಗಲಿಗೆ, ತೋಳಿಗೆ, ತೋಳಿನ ಕೊನೆಗೆ ಎಳೆದುಕೊಂಡು ಹೋದಳು. ತೋಳು ಅಂಚೆಚೀಲದೊಳಗೆ ಮುಳುಗಿತ್ತು.

ಆಗ ನೋಡಿದೆ, ಮಾನ್ಯರೇ. ಹೂ ಮಾರುವವಳ ಕೈಗಳು ಬುಟ್ಟಿಯ ಅಡಿಯಲ್ಲಿದ್ದವು. ಪೊಲೀಸು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಕಾಶ ನೋಡುತ್ತಿದ್ದ. ಬಸ್ಸಿನ ಕಂಡಕ್ಟರು ಮೊಣಕೈವರೆಗೆ ಚಿತ್ರದಲ್ಲಿದ್ದು ಅಲ್ಲಿಂದಾಚೆಗೆ ಪುಟದ ಹೊರಗೆ ಹೊರಟುಹೋಗಿದ್ದ. ದಾರಿ ತಪ್ಪಿದ ಹುಡುಗಿಯೇ ಮಳೆಯಂಗಿಯ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು, ಕೇಳಬೇಕಾದ್ದನ್ನು ಕೇಳದೆ, ನಗುನಗುತ್ತ ನಿಂತಿದ್ದಳು. ಕೈಯಿಂದಲೇ ಮಾತಾಡುವ ಮಕ್ಕಳಿಗೆ ನಾನು ಬಾಯಿ ಹೊಲಿದ ಊರೊಂದನ್ನು ಕಳಿಸಿದ್ದೆ. ಗುಬ್ಬಿಯ ತರಗತಿಯ ಹುಡುಗನೊಬ್ಬ ಅವಳನ್ನು, ನಿಮ್ಮ ಮಾವನಿಗೆ ನಮ್ಮ ಜೊತೆ ಮಾತು ಬೇಡವಂತಾ ಎಂದು ಕೇಳಿದನಂತೆ. ಅವಳು ಪುಟಗಳನ್ನು ಅಲ್ಲೇ ಬಿಟ್ಟು ಮೇಲೆ ಹೋದಳು. ಶಾಲೆಯಿಂದ ಬಂದವಳೇ ನೇರ ನನ್ನ ಕೋಣೆಗೆ ನುಗ್ಗಿ ಪೆನ್ಸಿಲ್ಲುಗಳನ್ನೆಲ್ಲ ಕೆದರುತ್ತಿದ್ದವಳು ಮರುದಿನದಿಂದ ಕೆಳಗೆ ಇಳಿಯಲಿಲ್ಲ.

ಮೊದಲಿಗೆ, ಸಂಪ್ರದಾಯದಂತೆ, ತಪ್ಪೆಲ್ಲವನ್ನೂ ತಮ್ಮ ಮೇಲೆ ಹೊರಿಸಿದೆ. ಕುಣಿಯಲಾರದವಳಿಗೆ ನೆಲ ಡೊಂಕಾದಂತೆ, ಬರೆಯಲಾರದವನಿಗೆ ಯಂತ್ರ ಡೊಂಕು. ಯಂತ್ರಗಳಿಗೆ ಕೈ ಬರೆಯಲು ಬಾರದೆಂಬ ಹಳೆಯ ನಗೆಚಾಟಿಕೆಯನ್ನು ಸಂಪಾದಕಿಯವರ ಮುಂದೆ ಬಿಚ್ಚಿ, ಆರು ಬೆರಳು, ಏಳು ಬೆರಳು ಎಂದೆಲ್ಲ ಗೇಲಿ ಮಾಡಿದೆ. ತರುಣ ತಮ್ಮ ಬಲದ ಅಂಕಿಯನ್ನು ಸೊನ್ನೆಗಿಳಿಸಿ ಅದೇ ಪುಟವನ್ನು ಮತ್ತೆ ಬರೆಸಿದ. ತಾಯಿ ಯಾವ ರಗಳೆಯೂ ಇಲ್ಲದೆ ಎರಡು ಕೈ, ಹತ್ತು ಬೆರಳು, ಬೆರಳ ತುದಿಗೆ ಉಗುರು ಸಮೇತ ಬರೆದುಕೊಟ್ಟಳು. ತಮ್ಮನ್ನು ಎಬ್ಬಿಸಿದ ಕೂಡಲೇ ಕೈಗಳು ಚೀಲಕ್ಕೆ ಇಳಿದವು. "ಸರ್, ಇದು ತಾಯಿಯ ಕಡೆಯಿಂದ ಬಂದಿದ್ದಲ್ಲ" ಎಂದು ಆತ ತಗ್ಗಿದ ದನಿಯಲ್ಲಿ ಹೇಳಿದಾಗ, ಹೆರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ತಂದೆಯ ಹಾಗೆ ನಾನು ಚಾವಣಿ ನೋಡಿದೆ.

ತಮಗೆ ಪಾಠವಾಗಿದ್ದ ನನ್ನ ಚಿತ್ರಗಳನ್ನು ಒಂದೊಂದಾಗಿ ತೆರೆಯಲಾಯಿತು. ನನ್ನ ಅಜ್ಜಿಯರು ಬೇಸಿಗೆಯಲ್ಲೂ ಶಾಲು ಹೊದ್ದಿದ್ದರು. ನನ್ನ ರಾಜರು ಸಿಂಹಾಸನದ ತೋಳಿನ ಹಿಂದೆ, ನನ್ನ ಕಳ್ಳರು ಮೂಟೆಯ ಹಿಂದೆ, ನನ್ನ ಮೇಷ್ಟರುಗಳು ಕುರ್ಚಿಯ ಹಿಂದೆ ಕೈ ಇಟ್ಟುಕೊಂಡಿದ್ದರು. ಅಡುಗೆಯವಳೊಬ್ಬಳು ಪಾತ್ರೆಯ ಹಬೆಯೊಳಗೆ ಮೊಣಕೈವರೆಗೆ ಕಾಣೆಯಾಗಿದ್ದಳು. ನನ್ನ ಪುಸ್ತಕಗಳ ಜಗತ್ತಿನಲ್ಲಿ ಹೂಕುಂಡಗಳು ಏಕೆ ಅಷ್ಟೊಂದು ಎಂದು ಯಾರೂ ಕೇಳಿರಲಿಲ್ಲ. ಪ್ರತಿಯೊಂದರ ಹಿಂದೆಯೂ ಯಾರದೋ ಕೈ ಅಡಗಿತ್ತು. ನನಗೆ ಕೈ ಬರೆಯಲು ಬರುವುದಿಲ್ಲ, ಎಂದೂ ಬಂದಿಲ್ಲ. ಹೆಬ್ಬೆರಳು ಯಾವ ಕಡೆಗೆ ಎಂಬುದು ಇಂದಿಗೂ ನನಗೆ ಗೊಂದಲ. ಸಂಪಾದಕಿಯವರು ಕುರ್ಚಿ ಹಿಡಿದುಕೊಂಡು ನಕ್ಕರು. "ಅಲ್ಲಾ ಸರ್, ಇಷ್ಟು ವರ್ಷ ನಮಗ್ಯಾರಿಗೂ ಗೊತ್ತೇ ಆಗ್ಲಿಲ್ವಲ್ಲ! ಇದಕ್ಕೇ ಅಲ್ವಾ ಕೈಚಳಕ ಅನ್ನೋದು?" ಎಂದರು. ಅಂಗೈ ಹುಣ್ಣು ನೋಡಲು ಕನ್ನಡಿ ಬೇಕಿಲ್ಲವೆನ್ನುತ್ತಾರೆ. ಅಂಗೈಯನ್ನೇ ಬರೆಯದವನಿಗೆ ಕನ್ನಡಿ ಬೇಕಾಯಿತು, ಅದಕ್ಕೂ ತಾವೇ ಆಗಬೇಕಾಯಿತು.

ನನ್ನ ದೂರಿನ ತಿರುಳು ಇದು. ಅಂಚೆಯವನು, ಕೊಡೆ, ಬೆಕ್ಕು, ಬಾಗಿಲು ಎಂದು ನಾನು ಚಿತ್ರದ ಕೆಳಗೆ ಬರೆದ ಎಲ್ಲವನ್ನೂ ತಾವು ಬರೀ ಸಾಮಾನುಗಳೆಂದು ಬದಿಗಿಟ್ಟಿರಿ. 'ಕೈಗಳನ್ನು ಮುಚ್ಚಿಟ್ಟಿದ್ದಾನೆ' ಎಂದು ನಾನು ಎಲ್ಲಿಯೂ ಬರೆಯಲಿಲ್ಲವಾದ್ದರಿಂದ ಅದೊಂದನ್ನೇ ನನ್ನ ಶೈಲಿಯೆಂದು ಎದೆಗಪ್ಪಿಕೊಂಡಿರಿ. 'ನನ್ನಕೈ' ಎಂದು ಕರೆದರೆ ಕೈ ಇಲ್ಲದಿರುವುದು ಎಂದು ಅರ್ಥ ಮಾಡಿಕೊಂಡ ಶಿಷ್ಯ ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಇಷ್ಟೊಂದು ಶ್ರದ್ಧೆ ಯಾರು ಕೇಳಿದ್ದರು? ಗುರುವಿನ ಪದ್ಯದ ಜೊತೆಗೆ ಗುರುವಿನ ಕೆಮ್ಮನ್ನೂ ಬಾಯಿಪಾಠ ಮಾಡುವ ವಿದ್ಯಾರ್ಥಿಯನ್ನು ಹೊಡೆಯುವ ಹಾಗೂ ಇಲ್ಲ, ಹೊಗಳುವ ಹಾಗೂ ಇಲ್ಲ.

ತಮ್ಮೊಂದಿಗೆ ರಾಜಿಗೆ ನಾವು ಮಾಡಿದ ಪ್ರಯತ್ನಗಳನ್ನು ತಾವು ಮರೆತಿರಲಾರಿರಿ. ತಮ್ಮ ಬಲವನ್ನು ಅರ್ಧಕ್ಕಿಳಿಸಿದೆವು. ತಾವು ಒಂದು ಕೈಯನ್ನು ಜೇಬಿನಲ್ಲಿಟ್ಟು ಇನ್ನೊಂದಕ್ಕೆ ಉಣ್ಣೆಯ ಗವಸು ತೊಡಿಸಿದಿರಿ. 'ಜೇಬು ಬೇಡ' ಎಂದು ಬರೆದೆವು; ಊರಿನ ದರ್ಜಿಗಳೆಲ್ಲ ಮುಷ್ಕರ ಹೂಡಿದಂತೆ ಜೇಬುಗಳು ಮಾಯವಾದವು, ಕೈಗಳು ಉದ್ದ ತೋಳಿನ ಅಂಗಿಯೊಳಕ್ಕೆ ವಾಸ ಬದಲಿಸಿದವು. ಸಹನೆ ಮೀರಿ ನಾನೇ ಒಮ್ಮೆ ಮಾತಿನ ಪೆಟ್ಟಿಗೆಯಲ್ಲಿ 'ದಯವಿಟ್ಟು ಕೈ ಕೊಡಿ' ಎಂದು ಬೇಡಿಕೊಂಡೆ. ತಾವು ನಿಜಕ್ಕೂ ಕೈ ಕೊಟ್ಟಿರಿ, ಆ ಪುಟದಲ್ಲಿ ಮನುಷ್ಯರೇ ಬರಲಿಲ್ಲ, ಬರೀ ಬೆಕ್ಕು. ಈ ಸಂದರ್ಭದಲ್ಲಿ ನನ್ನ ಮನವಿ, ತಾವು ಹೆಗಲಿನಿಂದ ಮಣಿಕಟ್ಟಿನವರೆಗೆ ಮಾತ್ರ ನನ್ನ ಹಾಗೆ ಬರೆದು, ಮಣಿಕಟ್ಟಿನಲ್ಲಿ ಒಂದು ಕ್ಷಣ ನಿಂತು, ಅಲ್ಲಿಂದ ಮುಂದಕ್ಕೆ ಬೇರೆ ಯಾರಾದರೂ ಆಗಬೇಕು ಎಂಬುದಾಗಿತ್ತು. ನನ್ನಿಂದಲೇ ಆಗದ ಕೆಲಸವನ್ನು ತಮ್ಮಿಂದ ಕೇಳುವಾಗ ನನಗೆ ಎಳ್ಳಷ್ಟೂ ಸಂಕೋಚವಾಗಲಿಲ್ಲ.

ಆಮೇಲೆ ತರುಣ ಎಲ್ಲಿಂದಲೋ ಇನ್ನೊಂದು ಮರಿಯನ್ನು ಹಿಡಿದು ತಂದ. ಅದು ಕೈ ಬರೆಯುವುದಕ್ಕೆಂದೇ ಕಲಿತ ಮರಿ, ಜಾಹೀರಾತಿನ ಕೈಗಳನ್ನು ನೋಡಿ ಬೆಳೆದದ್ದು. ತಮ್ಮ ಪೆಟ್ಟಿಗೆಯ ಪಕ್ಕದಲ್ಲೇ ಅದರ ಪೆಟ್ಟಿಗೆಯಿಟ್ಟು ತಂತಿ ಬಿಗಿದೆವು. ಒಂದೇ ಬೆನ್ನ ಮೇಲೆ ಎರಡು ಮರಿಗಳು ಕೂತು ಜಗಳಕ್ಕೆ ಬಿದ್ದ ಆ ಮಧ್ಯಾಹ್ನವನ್ನು ನಮ್ಮ ಕಚೇರಿ ಮರೆಯುವುದಿಲ್ಲ. ಹೂ ಮಾರುವ ಮುದುಕಿಗೆ ಬಣ್ಣ ಹಚ್ಚಿದ ಉದ್ದುದ್ದ ಉಗುರುಗಳು ಬಂದವು. ಪೊಲೀಸು ಸಾಬೂನು ಹಿಡಿದು ನಗತೊಡಗಿದ. ತಾವು ಕೈಯನ್ನು ಚೀಲಕ್ಕೆ ತಳ್ಳಿದಿರಿ, ಅದು ಚೀಲದಿಂದ ಹೊರಕ್ಕೆ ಎಳೆಯಿತು. ಕೊನೆಗೆ ಅಂಚೆಯವನ ಕೈ ಚೀಲದೊಳಗೇ ಉಳಿದು, ಚೀಲಕ್ಕೇ ಎರಡು ಕೈ ಮೊಳೆತು ದಾರಿ ತಪ್ಪಿದ ಹುಡುಗಿಗೆ ಟಾಟಾ ಮಾಡಿತು. ಹೂಕುಂಡವೊಂದು ಚಪ್ಪಾಳೆ ತಟ್ಟುತ್ತಿತ್ತು. ಎರಡು ಕೈ ಸೇರಿದರೆ ಚಪ್ಪಾಳೆ ಎಂಬ ಗಾದೆಯನ್ನು ತಾವಿಬ್ಬರೂ ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿರಲಿಲ್ಲ.

ಚಿತ್ರದ ಬೆನ್ನು ಹತ್ತಿ ನಿಜವಾದ ಕಷ್ಟವನ್ನು ಬದಿಗಿಟ್ಟಿದ್ದೆ. ಅದು ಮೇಲಿನ ಮಹಡಿಯಲ್ಲಿತ್ತು. ಪುಸ್ತಕ ತಡವಾದರೆ ಬೈಸಿಕೊಳ್ಳಬಹುದು, ಆದರೆ ಮೆಟ್ಟಿಲ ಮೇಲೆ ಧಡಧಡ ಇಳಿಯುವ ಆ ಸದ್ದು ನಿಂತದ್ದನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ. ತನ್ನ ಕಿವಿಗೆ ಬೀಳದ ಸದ್ದಾದ್ದರಿಂದ ಅವಳು ಅದನ್ನು ಎಂದೂ ಕಡಿಮೆ ಮಾಡುತ್ತಿರಲಿಲ್ಲ. ಒಂದು ರಜೆಯ ಬೆಳಗ್ಗೆ, ತಪ್ಪು ನನ್ನದಲ್ಲ, ಮರಿಯದು ಎಂದು ವಿವರಿಸೋಣವೆಂದು ಮೇಲೆ ಹೋದೆ. ಗುಬ್ಬಿ ಬಾಗಿಲಲ್ಲೇ ಎದುರಾಗಿ, ಏನೆಂದು ಹುಬ್ಬೇರಿಸಿದಳು. ವಿವರಿಸುವುದಕ್ಕೆ ನನ್ನ ಬಳಿ ಏನಿತ್ತು? ಊಟ, ಬಾ, ಟಾಟಾ, ಇಷ್ಟು ಬಿಟ್ಟರೆ ಅವಳ ಭಾಷೆಯ ಒಂದು ಮಾತೂ ನನಗೆ ಬಾರದು. ಬೇಕಾದಾಗ ತಂಗಿ ಹೇಳುತ್ತಿದ್ದಳು, ಬೇಡವಾದಾಗ ಪೆಪ್ಪರ್‌ಮಿಂಟು ಕೊಡುತ್ತಿದ್ದೆ.

ಒಗೆದ ಬಟ್ಟೆ ಹೊತ್ತು ಬಂದ ತಂಗಿ ನನ್ನನ್ನು ನೋಡಿ ನಕ್ಕು, "ನೋಡಣ್ಣ, ಸರಿಯಾಗಿ ನಿನ್ನ ಹೆಸರಲ್ಲೇ ನಿಂತಿದ್ದೀಯ" ಎಂದಳು. ತಲೆ ಬಗ್ಗಿಸಿ ನೋಡಿಕೊಂಡರೆ ನನ್ನ ಎರಡೂ ಕೈಗಳು ಜೇಬಿನಲ್ಲಿದ್ದವು. ನಾನು ಪೆಪ್ಪರ್‌ಮಿಂಟಿನ ವ್ಯಾಖ್ಯಾನವನ್ನು ಮಂಡಿಸಿದೆ. "ಯಾವ ಪೆಪ್ಪರ್‌ಮಿಂಟಣ್ಣ? ಅವಳು ಏನಾದ್ರೂ ಹೇಳೋಕೆ ಬಂದ್ರೆ ನೀನು ಕೈ ಜೇಬಿಗೆ ಹಾಕ್ಕೊಂಡು ನಿಂತುಬಿಡ್ತೀಯಲ್ಲ, ಅದಕ್ಕೆ ಇಟ್ಟಿದ್ದು. ಮಾತಾಡದ ಮಾವ ಅಂತ. ನಿಂಗೊತ್ತಿದೆ ಅಂದ್ಕೊಂಡಿದ್ದೆ" ಎಂದಳು. ಬಂದವರಿಗೆಲ್ಲ ಹೆಮ್ಮೆಯಿಂದ ಮಾಡಿ ತೋರಿಸುತ್ತಿದ್ದ ಹೆಸರು ಅದು. ನನಗೆ ಬಹಳ ನಾಚಿಕೆಯಾಯಿತು, ಮಾನ್ಯರೇ. ಇದನ್ನು ತಮಾಷೆಯಾಗಿ ಬರೆಯಲು ಬೇರೆ ಬೇರೆ ರೀತಿಯಲ್ಲಿ ಪ್ರಯತ್ನಿಸಿದೆ, ಆಗಲಿಲ್ಲ. ಆ ಪುಟಗಳಲ್ಲಿ ಅವಳು ಕಂಡದ್ದು ತಮ್ಮ ತಪ್ಪನ್ನಲ್ಲ. ಅಂಚೆಯವನಾಗಿ, ಪೊಲೀಸಾಗಿ, ಕಂಡಕ್ಟರಾಗಿ ನಿಂತಿದ್ದ ತನ್ನ ಮಾವನನ್ನೇ ಕಂಡಿದ್ದಳು.

ಕೈಗಳನ್ನು ಜೇಬಿನಿಂದ ತೆಗೆದೆ. ತೆಗೆದ ಮೇಲೆ ಅವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ನನ್ನ ಚಿತ್ರಗಳ ತೊಂದರೆಯೇ ನನಗೂ ಬಂತು. ಅವಳ ಮೇಜಿನ ಮೇಲೆ ಕಾಗದವಿತ್ತು. ಎಡಗೈಯನ್ನು ಅದರ ಪಕ್ಕದಲ್ಲಿ ಚಾಚಿ, ನೋಯುವ ಬಲಗೈಯಲ್ಲಿ ಪೆನ್ಸಿಲ್ ಹಿಡಿದು, ಕಂಡದ್ದನ್ನು ಕಂಡ ಹಾಗೆ ಬರೆದೆ. ಬಾಳೆಹಣ್ಣಿನ ಚಿಪ್ಪೊಂದು ಮೂಡಿತು. ಗುಬ್ಬಿ ಅದನ್ನೂ ನನ್ನ ಕೈಯನ್ನೂ ಒಮ್ಮೆ ನೋಡಿ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಒಂದನ್ನು ಮಡಚಿ, ಒಂದನ್ನು ಎತ್ತಿ, ಯಾವುದೋ ಒಂದು ಮಾತಿನ ಆಕಾರಕ್ಕೆ ತಂದು ನಿಲ್ಲಿಸಿದಳು. ಅದು 'ದಾರಿ' ಎಂದು ತಂಗಿ ಆಮೇಲೆ ಹೇಳಿದಳು.

ಈಗ ಅವಳು ಶಾಲೆಯಿಂದ ಬಂದವಳೇ ಧಡಧಡ ಇಳಿದು ನನ್ನೆದುರು ಕೂರುತ್ತಾಳೆ. ಕಥೆಯ ಒಂದೊಂದು ಮಾತನ್ನೂ ಕೈಯಲ್ಲಿ ಹಿಡಿದು ತೋರಿಸುತ್ತಾಳೆ, ನಾನು ಬರೆಯುತ್ತೇನೆ. ಬರೆದದ್ದನ್ನು ಅವಳು ಓದಬೇಕು, ಓದಲಾಗದಿದ್ದರೆ ರಬ್ಬರು ಅವಳದೇ. ಚಂದವಿದೆಯೇ ಎಂದು ಅವಳು ನೋಡುವುದೇ ಇಲ್ಲ. ಏನು ಹೇಳುತ್ತಿದೆ ಎಂದಷ್ಟೇ ನೋಡುತ್ತಾಳೆ. ಇಂಥ ಓದುಗರು ಸಿಕ್ಕಿದ್ದು ನನ್ನ ಬದುಕಿನಲ್ಲಿ ಇದೇ ಮೊದಲು. ಒಂದು ಬೆರಳನ್ನು ನೆಟ್ಟಗೆ ಮಾಡಿದ ತಪ್ಪಿಗೆ ಪೊಲೀಸು ಆ ಹುಡುಗಿಗೆ ಮುಂದಿನ ಬಸ್ಸು ಹತ್ತು ಎನ್ನುವ ಬದಲು ಮುಂದಿನ ಬಸ್ಸು ತಿನ್ನು ಎಂದುಬಿಟ್ಟ. ಗುಬ್ಬಿ ಅದನ್ನು ಅಳಿಸಲು ಬಿಡದೆ ತರಗತಿಗೆ ಒಯ್ದಳು. ಅಲ್ಲಿ ಆ ಚಿತ್ರಕ್ಕೆ ಸಿಕ್ಕಷ್ಟು ನಗು ನನ್ನ ಯಾವ ಚಿತ್ರಕ್ಕೂ ಸಿಕ್ಕಿಲ್ಲವಂತೆ. ನಿಮ್ಮ ಮಾವನಿಗೆ ಮಾತು ಬೇಡವಂತಾ ಎಂದು ಕೇಳಿದ್ದ ಹುಡುಗ, ನಿಮ್ಮ ಮಾವ ತಪ್ಪು ತಪ್ಪು ಮಾತಾಡುತ್ತಾನೆ ಎಂದನಂತೆ. ಅದನ್ನು ನಾನು ಬಹುಮಾನವೆಂದು ತಿಳಿದುಕೊಂಡಿದ್ದೇನೆ.

ಆದ್ದರಿಂದ, ಮಾನ್ಯರೇ, ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡುತ್ತಿರುವುದನ್ನು ವಿನಯದಿಂದ ತಿಳಿಸುತ್ತ, ತಮ್ಮ ಉತ್ತರಾಧಿಕಾರಿಯ ವಿದ್ಯಾಭ್ಯಾಸ ಆರಂಭವಾಗಿರುವುದನ್ನೂ ತಿಳಿಸುತ್ತೇನೆ. ಈ ಸಲ ಪಾಠಕ್ಕೆ ಕೊಟ್ಟಿರುವುದು ಗುಬ್ಬಿ ಓದಿ ಒಪ್ಪಿದ ಚಿತ್ರಗಳನ್ನು ಮಾತ್ರ. ಅವುಗಳ ಕೆಳಗೆ 'ಅಂಚೆಯವನು, ಚೀಲ, ಬೆಕ್ಕು' ಎಂದು ಬರೆಯುತ್ತ ಕೂತಿದ್ದಾಗ, 'ಎರಡು ಕೈಗಳು' ಎಂದೂ ಸೇರಿಸಬೇಕೇ ಎಂದು ತರುಣನನ್ನು ಕೇಳಿದೆ. ಅವನು ಆ ಬಾಳೆಹಣ್ಣಿನಂಥ ಬೆರಳುಗಳನ್ನು ನೋಡಿ, "ಬೇಡ ಸರ್, ಬರೀಬೇಡಿ. ಹಾಗೇ ಬಿಡಿ. ಅಂಟ್ಕೊಳ್ಳಲಿ" ಎಂದ. ಹಾಗೆಯೇ ಬಿಟ್ಟಿದ್ದೇನೆ. ಹೊಸ ಮರಿಯ ಕರೆಯುವ ಹೆಸರೂ 'ನನ್ನಕೈ' ಎಂದೇ. ಹೆಸರಿಗೆ ತಕ್ಕಷ್ಟು ಕೈ ಈ ಸಲ ಇದೆ, ಸ್ವಲ್ಪ ಹೆಚ್ಚೇ ಇದೆ.

ತಮ್ಮ ಮೇಲೆ ನನಗೆ ದ್ವೇಷವಿಲ್ಲವೆಂಬುದನ್ನು ದಯವಿಟ್ಟು ನಂಬಬೇಕು. ಮುಚ್ಚಿಟ್ಟದ್ದನ್ನು ಮುಚ್ಚಿಟ್ಟ ಹಾಗೆಯೇ ತಾವು ತೋರಿಸಿಕೊಟ್ಟಿರಿ. ಸ್ನೇಹಿತರು ಮರ್ಯಾದೆಗೆ, ಸಂಪಾದಕರು ಅವಸರಕ್ಕೆ ಬಿಟ್ಟುಕೊಟ್ಟದ್ದನ್ನು ತಾವು ಬಿಡಲಿಲ್ಲ. ಇಷ್ಟು ಉಪಕಾರ ಮಾಡಿದವರನ್ನು ಎದುರಿಗಿಟ್ಟುಕೊಂಡು ಬಾಳುವುದು ಕಷ್ಟ. ಹಾಗಾಗಿ ಕಂಪ್ಯೂಟರಿನ 'ಹಳೆಯದು' ಎಂಬ ಫೋಲ್ಡರಿನಲ್ಲಿ ತಮಗೊಂದು ಶಾಂತವಾದ ಸ್ಥಳವನ್ನು ಗೊತ್ತುಮಾಡಲಾಗಿದೆ. ಅಲ್ಲಿ ಶಾಲು, ಬುಟ್ಟಿ, ಹೂಕುಂಡ, ಎಲ್ಲ ಅನುಕೂಲವೂ ಇದೆ.

ಎರಡೂ ಕೈಗಳು ಎದ್ದು ಕಾಣುವಂತೆ ಮುಗಿದು,

ತಮ್ಮ ವಿಶ್ವಾಸಿ,
ಗುಬ್ಬಿಯ ಮಾವ

ವಿಶೇಷ ಸೂಚನೆ: ಗುಬ್ಬಿ ನನ್ನ ಹೆಸರನ್ನು ಬದಲಿಸಿದ್ದಾಳೆ. ಈಗ ನನ್ನನ್ನು ಕರೆಯಬೇಕಾದರೆ ಐದೂ ಬೆರಳುಗಳನ್ನು ದಪ್ಪದಪ್ಪವಾಗಿ ಅರಳಿಸಿ, ಬಾಳೆಹಣ್ಣಿನ ಚಿಪ್ಪನ್ನು ಅಲ್ಲಾಡಿಸಿದಂತೆ ಅಲ್ಲಾಡಿಸಬೇಕು. ಹಳೆಯ ಹೆಸರು ಖಾಲಿ ಬಿದ್ದಿತ್ತು. ತಮಗೆ ಸನ್ನೆಯಲ್ಲಿ ಕರೆಯುವ ಹೆಸರಿಲ್ಲವೆಂದು ಕೇಳಿ ಮರುಗಿ, ಅದನ್ನು ತಮಗೇ ಕೊಟ್ಟಿದ್ದಾಳೆ. ಎರಡೂ ಕೈಗಳಿಂದ ಸ್ವೀಕರಿಸಬೇಕಾಗಿ ವಿನಂತಿ.